“ಅಪ್ಪ ಎಲ್ಲಿ?” ಎಂದು ಕೇಳುವವರಿಗೆ ಮಗಳು ಏನು ಹೇಳಬೇಕು?

ಕುಕ್ಕರಹಳ್ಳಿ ಸಂಜೆ (ಪ್ರಶ್ನೆ)

ನಾನು ಮೈಸೂರಿನಲ್ಲಿ ಏಳು ವರ್ಷದ ಮಗಳೊಂದಿಗೆ ಇದ್ದೇನೆ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಗಿ ಮೂರು ವರ್ಷಗಳಾದವು. ನ್ಯಾಯಾಲಯದ ಆದೇಶದಂತೆ ಮಗಳು ನನ್ನ ಸುಪರ್ದಿಯಲ್ಲಿದ್ದಾಳೆ. ಹಾಸನದಲ್ಲಿರುವ ಅವಳ ತಂದೆ ತಿಂಗಳಿಗೊಂದು ಭಾನುವಾರ ಬಂದು, ಅವಳನ್ನು ಮೃಗಾಲಯಕ್ಕೋ ಕಾರಂಜಿ ಕೆರೆಗೋ ಕರೆದುಕೊಂಡು ಹೋಗಿ, ಸಂಜೆ ಮನೆಗೆ ಬಿಟ್ಟು ಹೋಗುತ್ತಾರೆ. ನಮ್ಮಿಬ್ಬರ ನಡುವೆ ಈಗ ಜಗಳವಿಲ್ಲ. ಜಗಳವಾಡುವಷ್ಟು ಮಾತೂ ಉಳಿದಿಲ್ಲ.

ಹೋದ ಜೂನ್‌ನಲ್ಲಿ ಹೊಸ ಬಡಾವಣೆಗೆ ಮನೆ ಬದಲಾಯಿಸಿದ ಮೇಲೆ ತೊಂದರೆ ಶುರುವಾಯಿತು. ಹಳೆಯ ಬೀದಿಯವರಿಗೆಲ್ಲ ನಮ್ಮ ಕಥೆ ಗೊತ್ತಿದ್ದರಿಂದ ಕೇಳುವುದಕ್ಕೆ ಅವರಿಗೆ ಏನೂ ಇರಲಿಲ್ಲ. ಇಲ್ಲಿ ಮನೆ ತೋರಿಸಿದ ಬ್ರೋಕರ್‌ನಿಂದ ಹಿಡಿದು ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸುವ ಆಂಟಿಯವರೆಗೆ ಎಲ್ಲರೂ “ನಿಮ್ಮ ಮನೆಯವರು ಏನು ಮಾಡುತ್ತಾರೆ?” ಎಂದು ಕೇಳುತ್ತಾರೆ. ಮೊದಮೊದಲು ನಾನು “ಹೊರಗಡೆ ಇದ್ದಾರೆ” ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲವಲ್ಲ ಎಂಬ ಸಮಾಧಾನ ನನಗಿತ್ತು.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಎದುರುಮನೆಯವರು ನಮ್ಮಿಬ್ಬರನ್ನೂ ಕರೆದಿದ್ದರು. ನಾನು ಒಳಗೆ ತಾಂಬೂಲ ತೆಗೆದುಕೊಳ್ಳುತ್ತಿದ್ದೆ, ಮಗಳು ನಡುಮನೆಯಲ್ಲಿ ಕೋಸಂಬರಿಯ ದೊನ್ನೆ ಹಿಡಿದುಕೊಂಡು ಕುಳಿತಿದ್ದಳು. ಯಾರೋ ಅವಳನ್ನೇ ಕೇಳಿದರು. ಅವಳು ಒಂದಿಷ್ಟೂ ತಡವರಿಸದೆ “ನಮ್ಮಪ್ಪ ದುಬೈನಲ್ಲಿದ್ದಾರೆ, ದೀಪಾವಳಿಗೆ ಬರುವಾಗ ನನಗೆ ಸೈಕಲ್ ತರುತ್ತಾರೆ” ಎಂದಳು. ಪ್ರಶ್ನೆ ಕೇಳಿದ ಹೆಂಗಸು ನನ್ನ ಕಡೆ ತಿರುಗಿ “ಹೌದೇನ್ರೀ, ದುಬೈನಲ್ಲಿ ಏನು ಕೆಲಸ?” ಎಂದು ಕೇಳಿದಾಗ, ನನ್ನ ಬಾಯಿಂದ “ಕಂಪನಿಯಲ್ಲಿ” ಎಂಬ ಮಾತು ಬಂದೇಬಿಟ್ಟಿತು. ದುಬೈ ಇರಲಿ, ಅವಳ ತಂದೆ ವಿಮಾನವನ್ನೇ ಹತ್ತಿದವರಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳು ಸುಳ್ಳು ಹೇಳಿದಳೆಂಬ ಬೇಸರಕ್ಕಿಂತ, “ಹೊರಗಡೆ” ಎಂಬ ನನ್ನ ಮಾತಿಗೆ ಅವಳು ಊರಿನ ಹೆಸರೊಂದನ್ನು ಸೇರಿಸಿದ್ದಾಳಷ್ಟೇ ಎಂಬುದು ನನ್ನನ್ನು ಹೆಚ್ಚು ಕಾಡಿತು. ನನಗೆ ಯಾರೊಂದಿಗೂ ನಿಷ್ಠುರ ಬೇಕಿಲ್ಲ, ಈ ಬೀದಿಯಲ್ಲೇ ಬಾಳಬೇಕು. ಹಾಗೆಂದು ನನ್ನ ಸಂಸಾರದ ಕಥೆಯನ್ನು ಸಿಕ್ಕಸಿಕ್ಕವರ ಮುಂದೆ ಬಿಚ್ಚುವುದೂ ಆಗುವುದಿಲ್ಲ. ಸುಳ್ಳೂ ಆಗದ, ವರದಿಯೂ ಆಗದ ಉತ್ತರವನ್ನು ನೀವೆಲ್ಲ ಹೇಗೆ ಕಂಡುಕೊಂಡಿರಿ? ಮಗುವಿಗೆ ಏನು ಹೇಳಿಕೊಟ್ಟಿರಿ? ಮುಂದಿನ ತಿಂಗಳು ಶಾಲೆಯಲ್ಲಿ ವಂಶವೃಕ್ಷ ಬರೆಸುತ್ತಾರಂತೆ. ಪಾಸ್‌ಪೋರ್ಟ್ ಮಾಡಿಸುವುದೂ ಇದೆ. ಅಲ್ಲಿಯೂ ಇದೇ ಪ್ರಶ್ನೆ ಬರುತ್ತದೆಂಬ ಅಳುಕಿದೆ.

ಬೆಣ್ಣೆನಗರಿ

ನಾನು ದಾವಣಗೆರೆಯವಳು. ಮಗ ಕೈಗೂಸಾಗಿದ್ದಾಗ ಬೇರೆಯಾದೆ, ಈಗ ಅವನು ಪಿಯುಸಿ ಓದುತ್ತಿದ್ದಾನೆ. ಹದಿನಾರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಬಗೆಯಲ್ಲಿ ಕೇಳಬಹುದೋ ಅಷ್ಟೂ ಬಗೆಯಲ್ಲಿ ಕೇಳಿಸಿಕೊಂಡಿದ್ದೇನೆ.

ಮೊದಲನೆಯದಾಗಿ, “ಹೊರಗಡೆ ಇದ್ದಾರೆ” ಎಂಬ ಉತ್ತರವನ್ನು ಇಂದೇ ಬಿಟ್ಟುಬಿಡಿ. ಅದು ಪ್ರಶ್ನೆಯನ್ನು ಮುಗಿಸುವುದಿಲ್ಲ, ಬೆಳೆಸುತ್ತದೆ. ಹೊರಗಡೆ ಎಂದರೆ ಎಲ್ಲಿ, ಎಷ್ಟು ದಿನವಾಯಿತು, ಯಾವಾಗ ಬರುತ್ತಾರೆ ಎಂದು ಕೇಳುವ ಹಕ್ಕನ್ನು ನಾವೇ ಅವರ ಕೈಗೆ ಕೊಟ್ಟಂತಾಗುತ್ತದೆ. ನಾನು ಬಹಳ ಒದ್ದಾಡಿದ ಮೇಲೆ ಕಂಡುಕೊಂಡ ವಾಕ್ಯ ಇದು: “ನಾವು ಬೇರೆಯಾಗಿದ್ದೇವೆ, ಮಗ ನನ್ನ ಜೊತೆ ಇದ್ದಾನೆ.” ಇಷ್ಟು ಹೇಳಿ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟ. ಆ ವಾಕ್ಯ ಮುಗಿದ ಕೂಡಲೇ ಒಂದು ಮೌನ ಬರುತ್ತದೆ, ಆ ಮೌನವನ್ನು ತುಂಬಬೇಕೆಂದು ನಮಗೇ ಅನ್ನಿಸುತ್ತದೆ. “ಏನು ಮಾಡುವುದು ಹೇಳಿ, ಅವರ ಸ್ವಭಾವ ಹಾಗಿತ್ತು” ಎಂದು ಶುರು ಮಾಡಿದೆವೋ, ಅಲ್ಲಿಗೆ ಮುಗಿಯಿತು. ಮರುದಿನ ಆ ಮಾತು ಮೂರು ಮನೆ ದಾಟಿರುತ್ತದೆ. ಆ ಮೌನವನ್ನು ಕೇಳಿದವರೇ ತುಂಬಲಿ. ನೂರಕ್ಕೆ ಎಂಬತ್ತು ಮಂದಿ “ಓ, ಹೌದಾ” ಎಂದು ಮಾತು ಬದಲಿಸುತ್ತಾರೆ. (ಎಂಬತ್ತು ಎಂಬುದು ನನ್ನ ಅಂದಾಜು, ಲೆಕ್ಕ ಬರೆದಿಟ್ಟವಳು ನಾನಲ್ಲ.)

ಅಷ್ಟಕ್ಕೂ ಬಿಡದೆ “ಯಾಕೆ?” ಎನ್ನುವವರಿಗೆ ನನ್ನ ಉತ್ತರ: “ಅದು ಹಳೆಯ ವಿಷಯ, ಬಿಡಿ. ನಿಮ್ಮ ಸೊಸೆಗೆ ಎಷ್ಟು ತಿಂಗಳು ಈಗ?” ಅವರ ಮನೆಯ ಸುದ್ದಿ ಕೇಳಿದರೆ ಯಾರಿಗೂ ಬೇಸರವಿಲ್ಲ. ಎಲ್ಲಿ, ಯಾರ ಜೊತೆ ಎಂಬುದಕ್ಕೆ ನಾನು ಉತ್ತರ ಕೊಡುತ್ತೇನೆ. ಯಾಕೆ ಎಂಬುದಕ್ಕೆ ನನ್ನ ತಾಯಿಗೆ ಬಿಟ್ಟರೆ ಇದುವರೆಗೆ ಯಾರಿಗೂ ಉತ್ತರ ಕೊಟ್ಟಿಲ್ಲ.

ಇನ್ನು ಯಜಮಾನರ ಪ್ರಶ್ನೆ. ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ನನಗೆ ಇದರಲ್ಲಿ ಒಂದು ಅನುಕೂಲವಾಗಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರವೇ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸು ಕುಟುಂಬದ ಮುಖ್ಯಸ್ಥೆ. ಆದರೆ ಸರ್ಕಾರ ತಿಂಗಳಿಗೆ 2000 ರೂಪಾಯಿ ಕೊಡಲು ಶುರು ಮಾಡಿದ ಮೇಲೆಯೇ “ಮನೆ ಯಜಮಾನಿ” ಎಂಬ ಮಾತು ಬೀದಿಬೀದಿಯಲ್ಲಿ ಕೇಳಿಬಂದದ್ದು. ಈಗ ಯಾರಾದರೂ “ಯಜಮಾನರು ಏನು ಮಾಡುತ್ತಾರೆ?” ಎಂದರೆ “ನಮ್ಮ ಮನೆಗೆ ಯಜಮಾನಿ ನಾನೇ, ಎಲ್ಐಸಿಯ ಏಜೆಂಟ್ ಕೆಲಸ ಮಾಡುತ್ತೇನೆ” ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಒಂದೆರಡು ಬಾರಿ ಪಾಲಿಸಿಯೂ ಆಗಿದೆ.

ಕುಂಕುಮದ ತಟ್ಟೆ ನಮ್ಮನ್ನು ಬಿಟ್ಟು ಪಕ್ಕದವರಿಗೆ ಹೋಗುವ ನೋವಿನ ಬಗ್ಗೆ ನೀವು ಬರೆದಿಲ್ಲ, ನಿಮ್ಮ ಎದುರುಮನೆಯವರು ಹಾಗೆ ಮಾಡಲಿಲ್ಲವೆಂದೇ ತಿಳಿಯುತ್ತೇನೆ. ಹಾಗಿದ್ದರೆ ಅವರನ್ನು ಕಳೆದುಕೊಳ್ಳಬೇಡಿ.

ಕಟಕಟೆ

ನಾನು ವಕೀಲಿ ವೃತ್ತಿಯಲ್ಲಿದ್ದೇನೆ. ನೆರೆಹೊರೆಯ ಪ್ರಶ್ನೆಗೆ ಕಾನೂನಿನಲ್ಲಿ ಔಷಧವಿಲ್ಲವಾದ್ದರಿಂದ ಅರ್ಜಿಗಳ ವಿಷಯವನ್ನಷ್ಟೇ ಹೇಳುತ್ತೇನೆ. ಕೌಂಟರಿನಲ್ಲಿ ಕುಳಿತವರು ಕೇಳುವ ಪ್ರಶ್ನೆಗಳಲ್ಲಿ ಅರ್ಜಿಗೆ ಬೇಕಾದವು ಕೆಲವು, ಅವರ ಕುತೂಹಲಕ್ಕೆ ಬೇಕಾದವು ಹಲವು. ಯಾವುದು ಯಾವುದೆಂದು ಗೊತ್ತಿದ್ದರೆ ಅರ್ಧ ಅಳುಕು ಕಡಿಮೆಯಾಗುತ್ತದೆ.

1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯ 6ನೇ ಕಲಮು ಮಗುವಿನ ಸಹಜ ಪಾಲಕನೆಂದು ತಂದೆಯನ್ನು, “ಆತನ ನಂತರ” ತಾಯಿಯನ್ನು ಹೆಸರಿಸುತ್ತದೆ. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಪಾಲಕಿಯಾಗಿ ತಾವೇ ಸಹಿ ಮಾಡಿ ಕೊಟ್ಟ ಅರ್ಜಿ, ತಂದೆಯ ಸಹಿ ಬೇಕೆಂದು ವಾಪಸು ಬಂದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. “ನಂತರ” ಎಂದರೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅಲ್ಲ, ಮಗುವಿನ ಪಾಲನೆಯಲ್ಲಿ ತಂದೆ ಇಲ್ಲದಿರುವಾಗಲೂ ಎಂದು 1999ರಲ್ಲಿ ತೀರ್ಪು ಬಂದಿತು. 2015ರಲ್ಲಿ ಅದೇ ನ್ಯಾಯಾಲಯ, ಮದುವೆಯಾಗದ ತಾಯಿಯೊಬ್ಬರು ತಂದೆಯ ಹೆಸರನ್ನು ಬಹಿರಂಗಪಡಿಸದೆ, ಆತನಿಗೆ ನೋಟಿಸ್ ಕೊಡದೆ ಮಗನ ಪಾಲಕತ್ವ ಕೇಳಬಹುದು ಎಂದಿತು. ಆಕೆ ಹೊರಟದ್ದು ತನ್ನ ಉಳಿತಾಯಕ್ಕೂ ವಿಮೆಗೂ ಮಗನನ್ನು ನಾಮಿನಿ ಮಾಡುವುದಕ್ಕೆ, ಅಷ್ಟೇ. ಫಾರಂನ ಒಂದು ಕಾಲಂ ಆಕೆಯನ್ನು ದೆಹಲಿಯ ಮೂರು ಹಂತದ ನ್ಯಾಯಾಲಯಗಳನ್ನು ಹತ್ತಿಸಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. 2015ರ ತೀರ್ಪನ್ನು ವಾಟ್ಸ್ಆ್ಯಪ್‌ನಲ್ಲಿ ಓದಿ “ಇನ್ನು ತಂದೆಯ ಹೆಸರು ಎಲ್ಲಿಯೂ ಬೇಕಿಲ್ಲ” ಎಂದು ವಾದಿಸುವವರನ್ನು ಕಂಡಿದ್ದೇನೆ. ನಿಮ್ಮ ಪ್ರಕರಣ ಅದಲ್ಲ. ವಿಚ್ಛೇದನ ಮುರಿಯುವುದು ಗಂಡಹೆಂಡಿರ ಸಂಬಂಧವನ್ನು. ಮಗುವಿನ ತಂದೆ ತಂದೆಯಾಗಿಯೇ ಉಳಿಯುತ್ತಾರೆ, ಜನನ ಪ್ರಮಾಣಪತ್ರದಲ್ಲಿ ಅವರ ಹೆಸರು ಇರುತ್ತದೆ. ಆದ್ದರಿಂದ ಸುಪರ್ದಿ ಆದೇಶದ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆಸಿ ಒಂದು ಫೈಲಿನಲ್ಲಿಡಿ. ಪಾಸ್‌ಪೋರ್ಟ್ ನಿಯಮಗಳನ್ನು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲಿ ಸಡಿಲಿಸಿದೆ. ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು. ಬೇರೆಯಾದವರು ತಮ್ಮ ಪಾಸ್‌ಪೋರ್ಟಿಗಾಗಿ ಮಾಜಿ ಸಂಗಾತಿಯ ಹೆಸರನ್ನಾಗಲಿ ವಿಚ್ಛೇದನದ ಡಿಕ್ರಿಯನ್ನಾಗಲಿ ಕೊಡಬೇಕಿಲ್ಲ. ಮಗುವಿನ ಅರ್ಜಿಗೆ ಇನ್ನೊಬ್ಬ ಪೋಷಕರ ಒಪ್ಪಿಗೆ ಇಲ್ಲದಿದ್ದರೆ ಅದಕ್ಕೆಂದೇ ಪ್ರತ್ಯೇಕ ಘೋಷಣೆಯ ನಮೂನೆ ಇದೆ, ಅದರೊಂದಿಗೆ ಆದೇಶದ ಪ್ರತಿ ಇಟ್ಟರೆ ನಿಮ್ಮ ಕೆಲಸ ಸುಲಭ. ಅವಳ ತಂದೆ ತಿಂಗಳಿಗೊಮ್ಮೆ ಬರುತ್ತಾರೆಂದು ನೀವೇ ಬರೆದಿರುವುದರಿಂದ, ಅವರ ಸಹಿಯನ್ನೇ ಪಡೆದರೆ ಇನ್ನೂ ಸುಲಭ. ಪ್ಯಾನ್ ಕಾರ್ಡಿನ ವಿಷಯದಲ್ಲಿ, ತಾಯಿ ಒಬ್ಬರೇ ಪೋಷಕರಾಗಿದ್ದರೆ ತಾಯಿಯ ಹೆಸರನ್ನಷ್ಟೇ ಕೊಡುವ ಅವಕಾಶ 2018ರ ಡಿಸೆಂಬರ್ 5ರಿಂದ ಇದೆ.

ಕೌಂಟರಿನಲ್ಲಿ “ಯಾಕಮ್ಮ, ಹೊಂದಿಕೊಂಡು ಹೋಗಬಹುದಿತ್ತಲ್ಲ” ಎಂದು ಯಾರಾದರೂ ಉಪದೇಶ ಶುರು ಮಾಡಿದರೆ, ದನಿ ಏರಿಸದೆ “ಅರ್ಜಿಗೆ ಇನ್ನು ಯಾವ ದಾಖಲೆ ಬೇಕು, ಹೇಳಿ ಸರ್” ಎಂದಷ್ಟೇ ಕೇಳಿ. ಒಂದು ಬಾರಿ ಸಾಲದಿದ್ದರೆ ಅದೇ ವಾಕ್ಯವನ್ನು ಅದೇ ದನಿಯಲ್ಲಿ ಎರಡನೆಯ ಬಾರಿ ಕೇಳಿ. ಮೂರನೆಯ ಬಾರಿ ಕೇಳಬೇಕಾದ ಕಕ್ಷಿದಾರರನ್ನು ನಾನು ಇನ್ನೂ ಕಂಡಿಲ್ಲ.

ಸಪ್ತಾಪುರ

ಗಂಡಸರ ಕಡೆಯಿಂದ ಒಂದು ಮಾತು. ನಾನು ಧಾರವಾಡದವನು. ಹೆಂಡತಿ ತೀರಿಕೊಂಡು ಐದು ವರ್ಷವಾಯಿತು, ಹನ್ನೆರಡು ವರ್ಷದ ಮಗಳಿದ್ದಾಳೆ.

ಹೆಂಗಸರಿಗೆ ಬರುವ ಪ್ರಶ್ನೆಗಳಲ್ಲಿ ಸಂಶಯ ಇರುತ್ತದೆ, ನನಗೆ ಬರುವ ಪ್ರಶ್ನೆಗಳಲ್ಲಿ ಅನುಕಂಪ ಇರುತ್ತದೆ; ಈ ವ್ಯತ್ಯಾಸವನ್ನು ನಾನು ಒಪ್ಪಿಕೊಳ್ಳಲೇಬೇಕು. ಮಗಳ ಜಡೆ ಹೆಣೆದು ಶಾಲೆಗೆ ಬಿಟ್ಟರೆ ನನ್ನನ್ನು ಹೊಗಳುತ್ತಾರೆ. ಅದೇ ಕೆಲಸವನ್ನು ದಿನಾ ಮಾಡುವ ತಾಯಿಯನ್ನು ಯಾರೂ ಹೊಗಳಿದ್ದು ನನಗೆ ಗೊತ್ತಿಲ್ಲ. ಆದರೆ ಅನುಕಂಪದ ಪ್ರಶ್ನೆಗಳೂ ತಿವಿಯುತ್ತವೆ. “ಯಾಕ್ರೀ, ಇನ್ನೊಂದ್ ಲಗ್ನಾ ಮಾಡ್ಕೊಳ್ಳಿಲ್ಲೇನು? ಹೆಣ್ಣ ಹುಡುಗಿ ಐತಿ, ನಾಳೆ ಹೆಂಗ ಮಾಡ್ತೀರಿ?” ಎಂದು ಕಿರಾಣಿ ಅಂಗಡಿಯಲ್ಲಿ, ಮಗಳು ಬೆಲ್ಲದ ಅಚ್ಚು ಆರಿಸುತ್ತ ಪಕ್ಕದಲ್ಲೇ ನಿಂತಿರುವಾಗ ಕೇಳುತ್ತಾರೆ. ಅವಳು ಆರಿಸುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಅಚ್ಚನ್ನು ಹಾಗೆಯೇ ಹಿಡಿದುಕೊಂಡು, ನನ್ನ ಉತ್ತರಕ್ಕಾಗಿ ಕಾಯುತ್ತಿದ್ದುದನ್ನು ನಾನು ಕಣ್ಣಂಚಿನಲ್ಲಿ ಕಂಡೆ. ಆವತ್ತು ನನಗೆ ಅರ್ಥವಾದದ್ದು ಇಷ್ಟು: ಕೇಳಿದವರಿಗೆ ಕೊಡುವ ಉತ್ತರ ನಿಜವಾಗಿ ಹೋಗಿ ತಲುಪುವುದು ಪಕ್ಕದಲ್ಲಿ ನಿಂತ ಮಗುವಿಗೆ. ನಾನು ನಕ್ಕು “ನೋಡೋಣ್ರೀ” ಎಂದಿದ್ದರೆ ಅವರಿಗೆ ಅದು ಬರಿಯ ಮಾತು. ಮಗಳು ಅದನ್ನೇ ಒಂದು ವಾರ ಹೊತ್ತು ತಿರುಗುತ್ತಿದ್ದಳು. ಹಾಗಾಗಿ “ನಾವಿಬ್ಬರೂ ಈಗ ಆರಾಮ್ ಇದ್ದೇವೆ, ಅಂಥ ವಿಚಾರವೇನೂ ಇಲ್ಲ” ಎಂದು ಅವಳಿಗೆ ಕೇಳಿಸುವಂತೆಯೇ ಹೇಳಿದೆ.

“ಏನಾಗಿತ್ತು ಅವರಿಗೆ?” ಎಂಬುದು ಇನ್ನೊಂದು. ಅದಕ್ಕೆ ಉತ್ತರಿಸಲು ಹೋದರೆ ಆಸ್ಪತ್ರೆಯ ಆ ನಲವತ್ತು ದಿನಗಳನ್ನು ಬಸ್ ನಿಲ್ದಾಣದಲ್ಲಿ ನಿಂತು ಮತ್ತೆ ಬದುಕಬೇಕು. “ಕಾಯಿಲೆಯಾಗಿತ್ತು, ಅದನ್ನು ಇನ್ನೊಮ್ಮೆ ಹೇಳುವ ಶಕ್ತಿ ನನಗಿಲ್ಲ, ತಪ್ಪು ತಿಳಿಯಬೇಡಿ” ಎನ್ನುತ್ತೇನೆ. ಇದಾದ ಮೇಲೆ ಮುಂದುವರಿಸಿದವರು ಯಾರೂ ಇಲ್ಲ.

ಬೆಣ್ಣೆನಗರಿಯವರ ಯಜಮಾನಿ ಉತ್ತರ ಸೊಗಸಾಗಿದೆ. ಆದರೆ ನನ್ನ ಅನುಭವದಲ್ಲಿ ತಮಾಷೆಯ ಉತ್ತರ ಸಲಿಗೆಯನ್ನು ಹೆಚ್ಚಿಸುತ್ತದೆ, ಸಲಿಗೆ ಇನ್ನೊಂದು ಪ್ರಶ್ನೆಯನ್ನು ತರುತ್ತದೆ. ಬಹುಶಃ ಅದು ಹೇಳುವವರ ಮೇಲೆ ಹೋಗುತ್ತದೆ. ನನಗೆ ತಮಾಷೆ ಬರುವುದಿಲ್ಲ ಎಂದು ಮಗಳೂ ಹೇಳುತ್ತಾಳೆ.

ಮಲ್ಪೆ ಗಾಳಿ

ಇಲ್ಲಿ ಇದುವರೆಗೆ ಬರೆದವರೆಲ್ಲ ಪೋಷಕರು. ನಾನು ಇನ್ನೊಂದು ಬದಿಯವಳು, ಅಮ್ಮ ಒಬ್ಬರೇ ಬೆಳೆಸಿದ ಮಗಳು. ಈಗ ನನಗೆ ಇಪ್ಪತ್ತೊಂಬತ್ತು ವರ್ಷ.

ನಮ್ಮದು ಉಡುಪಿಯ ಕಡೆಯ ಅಳಿಯಕಟ್ಟಿನ ಕುಟುಂಬ. ನಮ್ಮಲ್ಲಿ ‘ಬಳಿ’, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ, ಕುಟುಂಬದ ಮನೆ ಎಂದರೆ ತಾಯಿಯ ಮನೆ, ದೈವದ ಕೋಲಕ್ಕೆ ನಾವು ಹೋಗಿ ನಿಲ್ಲುವುದು ಅಮ್ಮನ ಕಡೆಯವರೊಂದಿಗೆ. ಇಂಥ ಮನೆತನದಲ್ಲಿ ಹುಟ್ಟಿದವಳಿಗೆ ಅಪ್ಪನ ಪ್ರಶ್ನೆಯ ಕಾಟ ಇರಬಾರದಿತ್ತು ಎಂದು ಯಾರಿಗಾದರೂ ಅನ್ನಿಸಬಹುದು. ಇತ್ತು, ಚೆನ್ನಾಗಿಯೇ ಇತ್ತು. ನನ್ನ ‘ಬಳಿ’ ಯಾವುದೆಂದು ಕೇಳಿ ತಿಳಿದುಕೊಂಡ ಹಿರಿಯರೇ, ಮರುಕ್ಷಣದಲ್ಲಿ ದನಿ ತಗ್ಗಿಸಿ “ಅಪ್ಪ ಬರುತ್ತಾರಾ ಮಗಾ?” ಎನ್ನುತ್ತಿದ್ದರು. ವಂಶಕ್ಕೂ ಈ ಪ್ರಶ್ನೆಗೂ ಸಂಬಂಧವಿಲ್ಲ ಎಂಬುದು ನನಗೆ ಆಗಲೇ ತಿಳಿಯಿತು.

ನಾನೂ ಸುಳ್ಳು ಹೇಳಿದ್ದೆ. ನಮ್ಮ ಅಪ್ಪ ಮುಂಬಯಿಯಲ್ಲಿ ಹೋಟೆಲ್ ಇಟ್ಟಿದ್ದರು. ನಮ್ಮ ಕಡೆ ಅದು ತಕ್ಷಣ ನಂಬುವಂಥ ಸುಳ್ಳು, ತರಗತಿಯಲ್ಲಿ ಆರೇಳು ಮಕ್ಕಳ ಅಪ್ಪಂದಿರು ನಿಜವಾಗಿಯೂ ಅಲ್ಲಿದ್ದರು. ತೊಂದರೆ ಏನೆಂದರೆ, ಸುಳ್ಳನ್ನು ಸಾಕಬೇಕು. ರಜೆಯಲ್ಲಿ ಯಾಕೆ ಬರಲಿಲ್ಲ, ಹೋಟೆಲಿನ ಹೆಸರೇನು, ಚೆಂಬೂರಿನಲ್ಲಾ ಮಾಟುಂಗದಲ್ಲಾ ಎಂದೆಲ್ಲ ಗೆಳತಿಯರು ಕೇಳಿದಾಗ ಹೊಸದು ಕಟ್ಟಬೇಕು, ಕಟ್ಟಿದ್ದನ್ನು ನೆನಪಿಡಬೇಕು, ಅಮ್ಮ ಶಾಲೆಗೆ ಬಂದ ದಿನ ಯಾರಾದರೂ ಅವರ ಮುಂದೆ ಅದನ್ನು ಎತ್ತಿಬಿಡುತ್ತಾರೋ ಎಂದು ಹೊಟ್ಟೆ ಹಿಡಿದುಕೊಂಡು ಕೂರಬೇಕು. ಸೈಕಲ್ಲಿನ ವಿಷಯ ಓದುವಾಗ ನನಗೆ ನಿಮ್ಮ ಮಗಳ ಹೊಟ್ಟೆಯೊಳಗಿನ ಸಂಕಟ ಕಂಡಿತು. ದೀಪಾವಳಿ ಹತ್ತಿರ ಬಂದಂತೆ ಅವಳು ಆ ಸೈಕಲ್ಲನ್ನು ಎಲ್ಲಿಂದ ತರುತ್ತಾಳೆ?

ನನಗೆ ಆಗ ಬೇಕಿದ್ದದ್ದು ಒಳ್ಳೆಯ ಉತ್ತರವಲ್ಲ. ಉತ್ತರ ಕೊಡದಿರಲು ಅನುಮತಿ ಬೇಕಿತ್ತು. ದೊಡ್ಡವರು ಕೇಳಿದರೆ ಹೇಳಲೇಬೇಕು ಎಂದು ನಮ್ಮನ್ನು ಬೆಳೆಸುತ್ತಾರೆ. ಆ ನಿಯಮಕ್ಕೆ ಒಂದು ವಿನಾಯಿತಿ ಇದೆಯೆಂದು ಯಾರೂ ನನಗೆ ಹೇಳಲಿಲ್ಲ. “ಅದನ್ನು ಅಮ್ಮನನ್ನು ಕೇಳಿ” ಎಂಬ ಮೂರು ಪದ ಸಿಕ್ಕಿದ್ದರೆ ಸಾಕಿತ್ತು. ಎಂಟನೆಯ ತರಗತಿಯಲ್ಲಿ ಅಮ್ಮ ಅದನ್ನು ಕೊಟ್ಟರು, ಆ ಹೊತ್ತಿಗೆ ನನ್ನ ಮುಂಬಯಿಯ ಹೋಟೆಲಿಗೆ ಎರಡು ಶಾಖೆಗಳಾಗಿದ್ದವು.

ಇಂಥ ಮಾತು ಬಂದಾಗ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕಥೆಯನ್ನು ಹೇಳುವವರು ಬಹಳ. ಗೋತ್ರ ಯಾವುದೆಂದು ಗುರುಗಳು ಕೇಳಿದಾಗ, “ಯೌವನದಲ್ಲಿ ಹಲವು ಕಡೆ ಸೇವೆ ಮಾಡುತ್ತಿದ್ದಾಗ ನೀನು ಹುಟ್ಟಿದೆ, ಗೋತ್ರ ನನಗೆ ತಿಳಿಯದು” ಎಂದು ತಾಯಿ ಜಬಾಲೆ ಹೇಳಿಕೊಟ್ಟದ್ದನ್ನು ಹುಡುಗ ಹಾಗೆಯೇ ಹೇಳಿದನು, ಗುರು ಮೆಚ್ಚಿ ಸೇರಿಸಿಕೊಂಡರು. ಕಥೆಯಲ್ಲಿ ಹುಡುಗನ ಸತ್ಯವನ್ನು ಎಲ್ಲರೂ ಕೊಂಡಾಡುತ್ತಾರೆ, ನನಗಂತೂ ಯಾವಾಗಲೂ ಕಾಣುವುದು ಬೇರೆ. ಪಾಠಕ್ಕೆಂದು ಬಂದ ಹುಡುಗ ತನ್ನ ತಾಯಿಯ ಯೌವನದ ವಿವರವನ್ನು ಬಾಗಿಲಲ್ಲಿ ನಿಂತು ಒಪ್ಪಿಸಬೇಕಾಯಿತು. ಆ ಗುರು ಒಳ್ಳೆಯವರಾದದ್ದು ಅವನ ಅದೃಷ್ಟ. ನಿಮ್ಮ ಮಗಳನ್ನು ಆ ಬಾಗಿಲಲ್ಲಿ ನಿಲ್ಲಿಸಬೇಡಿ.

ಸೀಮೆಸುಣ್ಣ

ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಮೊದಲು ಶಾಲೆಯ ಮಾತು. ವಂಶವೃಕ್ಷ ಬರೆಸುವ ಟೀಚರಿಗೆ ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಇರುವುದಿಲ್ಲ. ಪುಸ್ತಕದಲ್ಲಿರುವ ಮರಕ್ಕೆ ಎರಡು ಕೊಂಬೆ ಇರುತ್ತದೆ, ಅವರು ಎರಡನ್ನೂ ತುಂಬಿಸುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಮಾಡಿದ್ದೆ. ಒಂದು ಸಲ ಒಬ್ಬ ಹುಡುಗ ಅಪ್ಪನ ಕೊಂಬೆಯನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವನ್ನೇ ತೂತು ಮಾಡಿ ತಂದುಕೊಟ್ಟ. ಮುಂದಿನ ವರ್ಷದಿಂದ ನಾನು ಮರವನ್ನು ಬಿಟ್ಟು, “ನಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ, ಯಾರು ಏನು ಕೆಲಸ ಮಾಡುತ್ತಾರೆ” ಎಂದು ಬರೆಯಿರಿ ಎಂದೆ. ಅಜ್ಜಿ, ಸೋದರಮಾವ, ಹಸು, ನಾಯಿ ಎಲ್ಲ ಬಂದವು, ಬರಹವೂ ಚೆನ್ನಾಗಿತ್ತು. ನೀವು ಆ ಪಾಠ ಬರುವ ಮೊದಲೇ ತರಗತಿಯ ಟೀಚರನ್ನು ಒಬ್ಬರನ್ನೇ ಕಂಡು ಎರಡು ಮಾತಿನಲ್ಲಿ ವಿಷಯ ತಿಳಿಸಿ. ನಮಗೆ ಗೊತ್ತಿಲ್ಲದಿರುವುದೇ ಎಷ್ಟೋ ಸಲ ಮಗುವಿಗೆ ಕಷ್ಟ ತರುತ್ತದೆ. ಆದರೆ ಇಡೀ ಸ್ಟಾಫ್ ರೂಮಿಗೆ ಹೇಳುವ ಅಗತ್ಯವಿಲ್ಲ, ಸ್ಟಾಫ್ ರೂಮು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಈಗ ನಿಮಗೆಲ್ಲ ಸ್ವಲ್ಪ ಇಷ್ಟವಾಗದ ಮಾತು. ಕೇಳುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಮಲೆನಾಡಿನಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದೇ “ಯಾವ ಊರು, ಯಾರ ಪೈಕಿ?” ಎಂದು. ಅದು ತನಿಖೆಯಲ್ಲ, ಗೊತ್ತಿರುವ ನಂಟಿನ ಬಳ್ಳಿಯಲ್ಲಿ ನಿಮ್ಮನ್ನು ಎಲ್ಲಿ ಇಡಬೇಕೆಂದು ಅವರು ಹುಡುಕುತ್ತಿರುತ್ತಾರೆ. ನಾನು ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳೊಂದಿಗೆ ವರ್ಗವಾಗಿ ಹೋದ ಊರಿನಲ್ಲಿ, ಪಕ್ಕದ ಮನೆಯ ಅಮ್ಮನವರು ನನ್ನ ಸಂಬಳದಿಂದ ಹಿಡಿದು ತಾಳಿ ಏನು ಮಾಡಿದೆ ಎಂಬವರೆಗೆ ಕೇಳಿದ್ದರು. ನನಗೆ ಅವರ ಮುಖ ನೋಡುವುದೂ ಬೇಡವೆನ್ನಿಸಿತ್ತು. ಆ ಮಳೆಗಾಲದಲ್ಲಿ ಚಿಕ್ಕವನಿಗೆ ನಡುರಾತ್ರಿ ಜ್ವರ ನೆತ್ತಿಗೇರಿದಾಗ, ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಜೀಪಿನವನನ್ನು ಎಬ್ಬಿಸಿ ಕರೆತಂದವರೂ ಅವರೇ. ಆಮೇಲೂ ಅವರು ಕೇಳುವುದನ್ನು ನಿಲ್ಲಿಸಲಿಲ್ಲ. ನನಗೆ ಸಿಟ್ಟು ಬರುವುದು ನಿಂತಿತು.

ಮಗುವನ್ನು ಒಂಟಿಯಾಗಿ ಸಿಕ್ಕಿಸಿ ಕೇಳುವವರ ವಿಷಯ ಬೇರೆ. ಅಂಥವರನ್ನು ನಾನೂ ಕ್ಷಮಿಸುವುದಿಲ್ಲ. ದೊಡ್ಡವರಿಂದ ಸಿಗದ ಸುದ್ದಿಯನ್ನು ಮಗುವಿನ ಕೈಗೆ ಚಾಕೊಲೇಟ್ ಕೊಟ್ಟು ಹೊರಡಿಸುವುದು ಕಳ್ಳತನ. ಅದನ್ನು ಕಂಡರೆ ಅಲ್ಲೇ, ನಯವಾಗಿಯೇ, “ಏನು ತಿಳಿಯಬೇಕಿದ್ದರೂ ನನ್ನನ್ನೇ ಕೇಳಿ, ಅವಳನ್ನು ಕೇಳಬೇಡಿ” ಎಂದು ಹೇಳಿಬಿಡಿ. ನಿಷ್ಠುರವಾದರೆ ಆಗಲಿ.

ಬೆಣ್ಣೆನಗರಿ

ಟೀಚರಮ್ಮ, ನಿಮ್ಮ ಪಕ್ಕದ ಮನೆಯವರಂಥವರು ನನಗೂ ಒಬ್ಬರಿದ್ದರು, ಒಪ್ಪುತ್ತೇನೆ. ಆದರೆ ಜ್ವರದ ರಾತ್ರಿ ಬಂದವರು ಯಾರೆಂಬುದು ಮರುದಿನ ಬೆಳಿಗ್ಗೆಯೇ ಗೊತ್ತಾಗುವುದು. ಅಲ್ಲಿಯವರೆಗೆ ಎಲ್ಲರಿಗೂ ಒಂದೇ ವಾಕ್ಯ ಸಾಕು ಎಂಬುದು ನನ್ನ ಅಭಿಪ್ರಾಯ. ಬಂದವರಿಗೆ ಆಮೇಲೆ ಕೂರಿಸಿ ಕಾಫಿ ಕೊಟ್ಟು ಎಲ್ಲವನ್ನೂ ಹೇಳೋಣ.

ಕುಕ್ಕರಹಳ್ಳಿ ಸಂಜೆ (ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ)

ಎಲ್ಲರಿಗೂ ನಮಸ್ಕಾರ. ಬರೆದವರಿಗೆಲ್ಲ ಉತ್ತರ ಹೇಳುವುದು ತಡವಾಯಿತು.

ಮಲ್ಪೆಯವರ ಮಾತು ಓದಿದ ಸಂಜೆಯೇ ಮಗಳನ್ನು ಕೂರಿಸಿಕೊಂಡು ಮಾತನಾಡಿದೆ. ಬೈಯಲಿಲ್ಲ. ದುಬೈ ಎಲ್ಲಿಂದ ಬಂತು ಎಂದು ಕೇಳಿದೆ. ವ್ಯಾನಿನಲ್ಲಿ ಜೊತೆಗೆ ಬರುವ ಹುಡುಗಿಯ ಅಪ್ಪ ಅಲ್ಲಿದ್ದಾರಂತೆ. ಅವಳನ್ನು ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲವಂತೆ. ಆ ಲೆಕ್ಕಾಚಾರ ಕೇಳಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಾನೂ “ಹೊರಗಡೆ” ಎಂದು ಹೇಳಿದ್ದು ಸರಿಯಲ್ಲವೆಂದು ಅವಳ ಮುಂದೆ ಒಪ್ಪಿಕೊಂಡೆ. “ಅಪ್ಪ ಬೇರೆ ಮನೆಯಲ್ಲಿ ಇರುತ್ತಾರೆ, ನಾನು ಅಮ್ಮನ ಜೊತೆ ಇರುತ್ತೇನೆ, ಮಿಕ್ಕಿದ್ದು ಅಮ್ಮನನ್ನು ಕೇಳಿ” ಎಂಬುದನ್ನು ಇಬ್ಬರೂ ಸೇರಿ ನಿರ್ಧರಿಸಿದೆವು. ನಾಲ್ಕೈದು ದಿನ ಅದು ನಮಗೆ ಆಟವಾಯಿತು. ನಾನು ವ್ಯಾನಿನ ಆಂಟಿಯಾಗಿ, ಬ್ರೋಕರಾಗಿ, ದೇವಸ್ಥಾನದ ಅರ್ಚಕರಾಗಿ ಕೇಳುವುದು, ಅವಳು ಉತ್ತರ ಹೇಳುವುದು. ಅರ್ಚಕರಿಗೆ ಮಾತ್ರ ಅವಳು ಗೋತ್ರ ಕೇಳುವ ಮೊದಲೇ “ಮಿಕ್ಕಿದ್ದು ಅಮ್ಮನನ್ನು ಕೇಳಿ” ಎಂದುಬಿಟ್ಟಳು.

ತರಗತಿಯ ಟೀಚರನ್ನೂ ಕಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಅವಳನ್ನು ಕರೆದುಕೊಂಡು ಹೋಗಲು ತಂದೆ ಶಾಲೆಗೆ ಬಂದರೆ ಕಳುಹಿಸಬಹುದೇ, ಬಾರದೇ? ಅದು ಅವರಿಗೆ ತಿಳಿದಿರಲೇಬೇಕಾದ ವಿಷಯ ಎಂದು ನನಗೂ ಅನ್ನಿಸಿತು, ಬರೆದುಕೊಟ್ಟು ಬಂದೆ. ಪಾಸ್‌ಪೋರ್ಟಿನ ಅರ್ಜಿಗೆ ಅವಳ ತಂದೆ ಸಹಿ ಹಾಕುವುದಾಗಿ ಹೇಳಿದ್ದಾರೆ, ಆದೇಶದ ಪ್ರತಿಗಳನ್ನೂ ತೆಗೆಸಿಟ್ಟಿದ್ದೇನೆ.

ಹೋದ ಶನಿವಾರ ಎದುರುಮನೆಯವರು ಗೇಟಿನ ಬಳಿ ಸಿಕ್ಕಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು “ಆಂಟಿ, ನಮ್ಮಪ್ಪ ದುಬೈನಲ್ಲಿ ಇಲ್ಲ, ಹಾಸನದಲ್ಲಿ ಬೇರೆ ಮನೆಯಲ್ಲಿದ್ದಾರೆ. ನಾನು ಸುಮ್ಮನೆ ಹೇಳಿದ್ದೆ” ಎಂದಳು. ಅವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿ, ಬೆಣ್ಣೆನಗರಿಯವರು ಹೇಳಿದಂತೆ ಸುಮ್ಮನೆ ನಿಂತೆ. ಆ ಮೌನ ನಿಜಕ್ಕೂ ಬಹಳ ಉದ್ದವಾಗಿತ್ತು. ಕೊನೆಗೆ ಅವರು ಕೈಯಲ್ಲಿದ್ದ ಕರಿಬೇವಿನ ಕಟ್ಟಿನಲ್ಲಿ ಅರ್ಧ ಮುರಿದು ನನಗೆ ಕೊಟ್ಟು, ಬಗ್ಗಿ ಮಗಳನ್ನು ಕೇಳಿದರು: “ಹಾಗಾದರೆ ಸೈಕಲ್?”

ಆ ಒಂದು ಪ್ರಶ್ನೆಗೆ ನಾವು ತಯಾರಿ ಮಾಡಿಕೊಂಡಿರಲಿಲ್ಲ.